ಸಂಡೂರು ಸಂಸ್ಥಾನ ಉಳಿದದ್ದು ಹೇಗೆ?

ಬಳ್ಳಾರಿ ಸೀಮೆಯ ಸಂಡೂರನ್ನು ಆಳಿದವರು ಮರಾಠಾ ಮೂಲದ ಘೋರ್ಪಡೆ ಮನೆತನದವರು. ಬೆಟ್ಟಗಳ ಕೋಟೆಯಂಥ ಆವರಣವೇ ಈ ಪುಟ್ಟ ಸಂಸ್ಥಾನವನ್ನು ಕಾಪಾಡಿತೆಂಬ ಮಾತಿದೆ. ಆದರೆ 1817ರ ಘಟನೆ ಅದನ್ನು ಒಪ್ಪುವುದಿಲ್ಲ. ಪೇಶ್ವೆ ಎರಡನೇ ಬಾಜೀರಾವನ ಒತ್ತಾಯಕ್ಕೆ ಮಣಿದ ಈಸ್ಟ್ ಇಂಡಿಯಾ ಕಂಪನಿ, ತನ್ನ ಅಧಿಕಾರಿ ಥಾಮಸ್ ಮನ್ರೋನನ್ನು ಸೈನ್ಯದೊಡನೆ ಕಳಿಸಿತು. ಸಂಡೂರಿನ ಅರಸ ಶಿವರಾವ್ ಘೋರ್ಪಡೆ ಕಾದಾಡದೆ ಕೋಟೆ ಬಿಟ್ಟುಕೊಟ್ಟ. ಇದನ್ನು ಹೇಡಿತನ ಎನ್ನುವುದು ಸುಲಭ. ಆದರೆ ಮರುವರ್ಷವೇ ಪೇಶ್ವೆಯ ಅಧಿಕಾರ ಕುಸಿದಾಗ ಸಂಡೂರು ಶಿವರಾವನಿಗೇ ಮರಳಿತು, 1826ರಲ್ಲಿ ಮದರಾಸು ಸರ್ಕಾರದ ಸನದೂ ದೊರೆಯಿತು. ಉಳಿಸಿದ್ದು ಬೆಟ್ಟವಲ್ಲ, ಕಂಪನಿಯ ರಾಜಕೀಯ ಲೆಕ್ಕಾಚಾರ.

ಹಾಗಿದ್ದರೆ ಅರಸರು ಬರೀ ಬೊಂಬೆಗಳೇ? ಒಳಾಡಳಿತದ ಮಟ್ಟಿಗೆ ಅಲ್ಲ. ಯಶವಂತರಾವ್ ಘೋರ್ಪಡೆ 1932ರಲ್ಲಿ ಸಂಸ್ಥಾನದ ದೇವಾಲಯಗಳನ್ನು ದಲಿತರಿಗೆ ತೆರೆದರು. ಪರೀಕ್ಷೆಗಳಲ್ಲಿ ಹೆಚ್ಚು ಕೇಳುವ ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ ಬಂದದ್ದು 1936ರಲ್ಲಿ! ಗಾತ್ರ ನೋಡಿ ಮಹತ್ವ ಅಳೆಯುವ ಅಭ್ಯಾಸದಿಂದಲೇ ಸಂಡೂರು ಮರೆಗೆ ಸರಿದಿರಬೇಕು. ದೇವಾಲಯಗಳು ತೆರೆದ ಎರಡು ವರ್ಷಗಳ ಬಳಿಕ, 1934ರಲ್ಲಿ, ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು.