ಒಗ್ಗಿದ ತಂತ್ರಾಂಶವನ್ನು ಉಳಿಸಿಕೊಳ್ಳುವ ಬಗೆ



ಮಳೆಗಾಲಕ್ಕೆ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವುದನ್ನಾಗಲಿ, ಕಾಫಿ ತೋಟದಲ್ಲಿ ಮರಗಸಿ ಮಾಡಿಸುವುದನ್ನಾಗಲಿ ನಮಗೆ ಯಾರೂ ನೆನಪಿಸಬೇಕಾಗಿಲ್ಲ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಗಣಕಯಂತ್ರ ಬಂದು ಕುಳಿತಿದೆ. ಕೊಯ್ಲಿನ ತೂಕ, ಹಾಜರಿ, ಮುಂಗಡ, ಮಳೆಯ ಲೆಕ್ಕ ಇವೆಲ್ಲ ಅದರೊಳಗೆ ಸೇರಿವೆ. ಅದನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ಮಾತ್ರ ನಾವು ಕೊಳೆರೋಗ ಬಂದ ಮೇಲೆ ಮದ್ದು ಹುಡುಕುವವರಂತೆ ಇದ್ದೇವೆ. ಈ ಸಂಚಿಕೆಯ ಪಾಠ ಆ ಕುರಿತಾದುದು. ಮೊದಲಿಗೆ ನಾವೇ ಮಾಡಿದ ಒಂದು ತಪ್ಪನ್ನು ಹೇಳಿ ಮುಂದುವರಿಯುತ್ತೇವೆ.

ನಮ್ಮ ಅನುಭವ

1998ರಲ್ಲಿ ನಮ್ಮ ಮನೆಗೆ ಮೊದಲ ಗಣಕಯಂತ್ರ ಬಂದಿತು. ಆಗ ಕಾಲೇಜಿನಲ್ಲಿದ್ದ ನಮ್ಮ ಅಕ್ಕನ ಮಗ ಫಾಕ್ಸ್‌ಪ್ರೋ ಎಂಬ ಸಾಧನದಲ್ಲಿ ನಮ್ಮ ತೋಟಕ್ಕೆಂದೇ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟನು. ಪರದೆಯ ಮೇಲೆ ನಮ್ಮ ಪಟ್ಟೆಗಳ ಹೆಸರು, ಆಳುಗಳ ಹೆಸರು, ದಿನದ ಕೊಯ್ಲಿನ ಕಿಲೋ, ವಾರದ ಬಟವಾಡೆ ಎಲ್ಲವೂ ನಾವು ಪುಸ್ತಕದಲ್ಲಿ ಬರೆಯುತ್ತಿದ್ದ ಕ್ರಮದಲ್ಲಿಯೇ ಬರುತ್ತಿದ್ದವು. ಹದಿನೈದು ವರ್ಷ ಅದರಲ್ಲಿಯೇ ಲೆಕ್ಕವಿಟ್ಟೆವು. ಅದು ಕೈಗೆ ಒಗ್ಗಿದ ಕತ್ತಿಯಂತೆ ಇತ್ತು. ಅದನ್ನು ನಂಬಿ ಕಾಗದದ ಹಾಜರಿ ಪುಸ್ತಕವನ್ನೂ ನಿಲ್ಲಿಸಿಬಿಟ್ಟೆವು.

2013ರ ಏಪ್ರಿಲ್‌ನಲ್ಲಿ ಸಿಡಿಲು ಬಡಿಯಿತು. ಯಂತ್ರವನ್ನು ಪೇಟೆಗೆ ಒಯ್ದೆವು. ಅಂಗಡಿಯವರು ಹೊಸ ಯಂತ್ರವೊಂದನ್ನು ಕೊಟ್ಟು, ಹಳೆಯದರಲ್ಲಿದ್ದ ಲೆಕ್ಕದ ಕಡತಗಳನ್ನು ಒಂದು ಸಿ.ಡಿ.ಗೆ ಹಾಕಿಕೊಟ್ಟರು. ಪ್ರೋಗ್ರಾಂ ಇದ್ದ ಫೋಲ್ಡರನ್ನು ಉಳಿಸಬೇಕೆಂದು ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊಸ ಯಂತ್ರದಲ್ಲಿ ಆ ಕಡತಗಳು ತೆರೆಯಲಿಲ್ಲ. ಹೋದದ್ದು ಹೋಯಿತೆಂದು ಕೈಬಿಟ್ಟು, ಮತ್ತೆ ಕಾಗದದ ಪುಸ್ತಕ ಹಿಡಿದೆವು.

2016ರಲ್ಲಿ ನಮ್ಮ ತೋಟದ ಹಳೆಯ ಆಳೊಬ್ಬಳು ಇನ್ನು ಕೆಲಸಕ್ಕೆ ಬರಲಾರೆನೆಂದು ಹೇಳಿ, ತನಗೆ ಸಲ್ಲಬೇಕಾದ ಸೇವಾ ಹಣವನ್ನು ಕೇಳಿದಳು. ನಮ್ಮ ನೆನಪಿನಲ್ಲಿ ಆಕೆ ಬಂದದ್ದು 2004ರಲ್ಲಿ. ಆಕೆ, "ಅಲ್ಲ ಅಯ್ಯಾ, ನಿಮ್ಮ ತಂಗಿಯವರ ಮದುವೆಯ ವರ್ಷದ ಕಾಫಿ ಕೊಯ್ಲಿಗೇ ಬಂದಿದ್ದೆ" ಎಂದಳು. ಲೆಕ್ಕ ನೋಡಿ ಹೇಳುತ್ತೇವೆಂದು ಐದು ತಿಂಗಳು ಆಕೆಯನ್ನು ಅಲೆಸಿದೆವು. ನೋಡಲು ಲೆಕ್ಕ ಎಲ್ಲಿತ್ತು?

ದೀಪಾವಳಿಗೆ ಬಂದ ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ನಕ್ಕು, "ಪಲ್ಪರ್ ಕೆಟ್ಟಿತೆಂದು ಹಣ್ಣನ್ನೇ ಚೆಲ್ಲುತ್ತಾರೆಯೇ ಮಾವ?" ಎಂದನು. ಸಿ.ಡಿ.ಯಲ್ಲಿದ್ದ ಕಡತವನ್ನು ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಎಂಬ ತಂತ್ರಾಂಶದ ಕ್ಯಾಲ್ಕ್‌ನಲ್ಲಿ ತೆರೆದನು. ಹತ್ತು ನಿಮಿಷದ ಕೆಲಸ. 1999ರ ಜನವರಿ ಮೊದಲ ವಾರದ ಬಟವಾಡೆಯಲ್ಲಿ ಆಕೆಯ ಹೆಸರಿತ್ತು. ಐದು ವರ್ಷದ ದುಡಿಮೆಯನ್ನು ನಾವು ಮರೆತಿದ್ದೆವು. ಹಣವನ್ನು ಪೂರ್ತಿ ಸಲ್ಲಿಸಿದೆವು. ಆದರೆ ಆಕೆ ಐದು ತಿಂಗಳು ನಮ್ಮ ಜಗಲಿಯಲ್ಲಿ ಕುಳಿತು ಹೋದದ್ದನ್ನು ಹಿಂದಕ್ಕೆ ತರಲಾಗಲಿಲ್ಲ.

ಮೂರು ವಸ್ತುಗಳು ಬೇರೆ ಬೇರೆ

ಇದರಿಂದ ಕಲಿಯಬೇಕಾದ ಮೊದಲ ಪಾಠವೆಂದರೆ, ಗಣಕಯಂತ್ರದಲ್ಲಿ ಉಳಿಸಿಕೊಳ್ಳಬೇಕಾದ ವಸ್ತುಗಳು ಮೂರು. ಒಂದು, ಕೆಲಸ ಮಾಡುವ ತಂತ್ರಾಂಶ. ಎರಡು, ಅದನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಒಗ್ಗಿಸಿಕೊಂಡ ಏರ್ಪಾಡು. ಮೂರು, ನಾವು ತುಂಬಿದ ಲೆಕ್ಕ ಮತ್ತು ಬರಹ. ಪಲ್ಪರ್ ಯಂತ್ರ, ನಮ್ಮ ಹಣ್ಣಿನ ಗಾತ್ರಕ್ಕೆ ಅದನ್ನು ಕೂಡಿಸಿಟ್ಟ ಅಳತೆ, ಅದರಿಂದ ಬಂದ ಕಾಫಿ ಇವು ಮೂರು ಬೇರೆಯಾಗಿರುವಂತೆಯೇ ಇದು. ಇವು ಯಂತ್ರದೊಳಗೆ ಬೇರೆ ಬೇರೆ ಜಾಗದಲ್ಲಿರುತ್ತವೆ. "ಎಲ್ಲವನ್ನೂ ಕಾಪಿ ಮಾಡಿದ್ದೇವೆ" ಎಂದು ಅಂಗಡಿಯವರು ಹೇಳಿದರೆ ಸಾಮಾನ್ಯವಾಗಿ ಮೂರನೆಯದು ಮಾತ್ರ ಬಂದಿರುತ್ತದೆ.

ದೂರದ ಒಂದು ದೃಷ್ಟಾಂತ

ಒಗ್ಗಿದ ತಂತ್ರಾಂಶವನ್ನು ಬಿಡದೆ ಉಳಿಸಿಕೊಂಡವರಲ್ಲಿ ಕೆನಡಾ ದೇಶದ ಕಾದಂಬರಿಕಾರ ರಾಬರ್ಟ್ ಜೆ. ಸಾಯರ್ ಅವರದು ಒಳ್ಳೆಯ ಉದಾಹರಣೆ. ಅವರು ಬರೆಯುವುದು ವರ್ಡ್‌ಸ್ಟಾರ್‌ನಲ್ಲಿ. ಮೈಕ್ರೋಪ್ರೋ ಎಂಬ ಅಮೆರಿಕದ ಸಂಸ್ಥೆ 1978ರಲ್ಲಿ ಹೊರತಂದ ಈ ತಂತ್ರಾಂಶದ ಡಾಸ್ ಆವೃತ್ತಿ 1992ರ ಏಳನೆಯದರೊಂದಿಗೆ ನಿಂತುಹೋಯಿತು. ಬೆರಳುಗಳನ್ನು ಅಕ್ಷರಗಳ ಮೇಲಿಂದ ಎತ್ತದೆಯೇ ಕರ್ಸರನ್ನು ನಡೆಸಬಹುದೆಂಬುದು ಅದರ ಗುಣ. ಯಾವ ಕೀಲಿ ಏನು ಮಾಡಬೇಕೆಂಬುದನ್ನು ಬಳಸುವವರೇ ಬದಲಾಯಿಸಿಕೊಳ್ಳಲು ಪ್ರತ್ಯೇಕವಾದ ಒಂದು ಪ್ರೋಗ್ರಾಂ ಅದರೊಂದಿಗೇ ಬರುತ್ತಿತ್ತು.

ಸಾಯರ್ ಅವರು 2024ರಲ್ಲಿ ಆ ತಂತ್ರಾಂಶ, ಅದರ ಸಾವಿರಕ್ಕೂ ಮಿಕ್ಕ ಪುಟಗಳ ಕೈಪಿಡಿಗಳು, ಈಗಿನ ಯಂತ್ರದಲ್ಲಿ ಅದನ್ನು ನಡೆಸಲು ಬೇಕಾದ ಸಾಧನಗಳು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಇತರರಿಗೂ ದೊರೆಯುವಂತೆ ಮಾಡಿದರು. ಇಲ್ಲಿ ಗಮನಿಸಬೇಕಾದುದು ಏನೆಂದರೆ, ಅವರು ಪ್ರೋಗ್ರಾಂ ಒಂದನ್ನೇ ಉಳಿಸಲಿಲ್ಲ. ಅದರ ತಿಳಿವಳಿಕೆಯನ್ನೂ ಅದನ್ನು ನಡೆಸುವ ಉಪಾಯವನ್ನೂ ಉಳಿಸಿದರು. ತಾಯಿಮರದ ಬೀಜದಡಿಕೆ ಇಟ್ಟುಕೊಂಡು, ಪಾತಿ ಮಾಡುವ ಕ್ರಮ ಮರೆತರೆ ಸಸಿ ಏಳುವುದಿಲ್ಲ.

ಒಗ್ಗಿಸಿಕೊಳ್ಳುವುದು ಹೇಗೆ?

ಈಗ ನಮ್ಮ ಕೆಲಸಕ್ಕೆ ಬರೋಣ. ಲಿಬ್ರೆಆಫೀಸ್ ಕ್ಯಾಲ್ಕನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ.

ಅಡಿಕೆ ಮಾರಾಟದ ಲೆಕ್ಕದಲ್ಲಿ ಒಮ್ಮೆ "ರಾಶಿ" ಎಂದೂ ಮತ್ತೊಮ್ಮೆ "ರಾಶಿ ಅಡಿಕೆ" ಎಂದೂ ಬರೆದರೆ ವರ್ಷದ ಕೊನೆಯಲ್ಲಿ ಮೊತ್ತ ಎರಡು ಹೋಳಾಗುತ್ತದೆ. ಇದನ್ನು ತಪ್ಪಿಸಲು ಆ ಕಾಲಮ್ಮನ್ನು ಆರಿಸಿ, ಡೇಟಾ ಪಟ್ಟಿಯಲ್ಲಿ ವ್ಯಾಲಿಡಿಟಿ ಎಂಬುದನ್ನು ಒತ್ತಿ, ಲಿಸ್ಟ್ ಎಂದು ಆರಿಸಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದರ ಕೆಳಗೊಂದು ಬರೆಯಿರಿ. ಆ ಮೇಲೆ ಈ ನಾಲ್ಕರಲ್ಲಿ ಒಂದನ್ನು ಆರಿಸುವುದಷ್ಟೇ ಕೆಲಸ. ಹೀಗೆ ಸಿದ್ಧವಾದ ಖಾಲಿ ಹಾಳೆಯನ್ನು ಟೆಂಪ್ಲೇಟ್ ಆಗಿ ಉಳಿಸಿಕೊಂಡರೆ ಪ್ರತಿ ವರ್ಷವೂ ಹೊಸ ಪುಸ್ತಕ ತೆರೆದಂತೆ ತೆರೆಯಬಹುದು.

ಇನ್ನೊಂದು ಅನುಕೂಲ ಆಟೋಕರೆಕ್ಟ್. "ಅಪಾ" ಎಂದು ಬರೆದರೆ "ಅರೇಬಿಕಾ ಪಾರ್ಚ್‌ಮೆಂಟ್" ಎಂದೂ, "ರೋಚೆ" ಎಂದರೆ "ರೋಬಸ್ಟಾ ಚೆರ್ರಿ" ಎಂದೂ ತಾನಾಗಿ ಆಗುವಂತೆ ಇಲ್ಲಿ ಹೇಳಿಕೊಡಬಹುದು. ಪತ್ರ ಬರೆಯುವವರು ಸಂಘದ ಹೆಸರನ್ನೂ ವಿಳಾಸವನ್ನೂ ಹೀಗೆಯೇ ಎರಡಕ್ಷರಕ್ಕೆ ಇಳಿಸಿಕೊಳ್ಳಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಡಿಕೆಯ ಪಟ್ಟಿ ಆ ಹಾಳೆಯೊಳಗೇ ಇರುತ್ತದೆ. ಹಾಳೆಯನ್ನು ಕಾಪಿ ಮಾಡಿದರೆ ಅದೂ ಬರುತ್ತದೆ. ಆಟೋಕರೆಕ್ಟ್‌ನಲ್ಲಿ ಹೇಳಿಕೊಟ್ಟದ್ದು, ನಾವು ಸೇರಿಸಿದ ಪದಗಳು, ಬದಲಾಯಿಸಿದ ಗುಂಡಿಗಳು ಮಾತ್ರ ಹಾಳೆಯಲ್ಲಿರುವುದಿಲ್ಲ. ವಿಂಡೋಸ್‌ನಲ್ಲಿ ಅವು ಆ್ಯಪ್‌ಡೇಟಾ ಎಂಬ ಮರೆಯಾದ ಫೋಲ್ಡರಿನಲ್ಲಿರುತ್ತವೆ. ವಿಂಡೋಸ್ ಚಿಹ್ನೆಯ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಆ್ಯಪ್‌ಡೇಟಾ ಎಂದು ಬಿಡುವಿಲ್ಲದೆ ಬರೆದು ಎಂಟರ್ ಒತ್ತಿದರೆ ಅದು ತೆರೆಯುತ್ತದೆ. ಅಲ್ಲಿ ಲಿಬ್ರೆಆಫೀಸ್, ಅದರೊಳಗೆ 4, ಅದರೊಳಗೆ ಯೂಸರ್ ಎಂಬ ಫೋಲ್ಡರಿದೆ. ತಂತ್ರಾಂಶವನ್ನು ಮುಚ್ಚಿದ ಮೇಲೆ ಈ ಯೂಸರ್ ಫೋಲ್ಡರನ್ನು ಪೂರ್ತಿಯಾಗಿ ಕಾಪಿ ಮಾಡಿಟ್ಟುಕೊಳ್ಳಿರಿ. ಹೊಸ ಯಂತ್ರದಲ್ಲಿ ಅದೇ ಜಾಗಕ್ಕೆ ಹಾಕಿದರೆ ನಮ್ಮ ಏರ್ಪಾಡುಗಳು ಮರಳಿ ಬರುತ್ತವೆ.

ಹಳೆಯ ಕನ್ನಡ ಬರಹದ ವಿಷಯ

ನಮ್ಮಲ್ಲಿ ಅನೇಕರು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಪತ್ರಗಳನ್ನು ಬರೆದಿಟ್ಟಿದ್ದಾರೆ. ಹಳೆಯ ಆವೃತ್ತಿಗಳಲ್ಲಿ ಬರೆದ ಪತ್ರಗಳು ಕನ್ನಡದಂತೆ ಕಂಡರೂ ಒಳಗೆ ಸಂಗ್ರಹವಾಗಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿತೆಂದು ಹಲವರು ಅಳಿಸಿಹಾಕಿದ್ದುಂಟು. ದಯವಿಟ್ಟು ಅಳಿಸಬೇಡಿರಿ. ಫಾಂಟ್ ಕಡತವನ್ನು ಪತ್ರಗಳ ಜೊತೆಯಲ್ಲಿಯೇ ಇಡಿರಿ. ಬಿಡುವಾದಾಗ ಪರಿವರ್ತಕದ ಮೂಲಕ ಅವನ್ನು ಯೂನಿಕೋಡ್‌ಗೆ ಬದಲಾಯಿಸಿರಿ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಮುಂದೆ ಯಾವುದೇ ಒಂದು ಫಾಂಟನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡುವುದು ಅಗತ್ಯ.

ಹಳೆಯ ಪ್ರೋಗ್ರಾಂ ನಡೆಸುವ ಉಪಾಯ

ನಮ್ಮ ಫಾಕ್ಸ್‌ಪ್ರೋದಂತಹ ಡಾಸ್ ಕಾಲದ ಪ್ರೋಗ್ರಾಂಗಳು 16 ಬಿಟ್‌ನವು. ಈಗಿನ 64 ಬಿಟ್ ವಿಂಡೋಸ್ ಅವನ್ನು ನಡೆಸುವುದಿಲ್ಲ. ಅದಕ್ಕೆ ಡಾಸ್‌ಬಾಕ್ಸ್ ಎಂಬ ಉಚಿತ ಸಾಧನವಿದೆ. ಅದು ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದನ್ನು ಸೃಷ್ಟಿಸಿದಂತೆ ಕೆಲಸ ಮಾಡುತ್ತದೆ. ಅದರ ಏರ್ಪಾಡಿನ ಕಡತದ ಕೊನೆಯಲ್ಲಿ ಮೂರು ಸಾಲು ಸೇರಿಸಿದರೆ ಸಾಕು. ಮೊದಲ ಸಾಲು ಪ್ರೋಗ್ರಾಂ ಇರುವ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸುವುದು. ಎರಡನೆಯದು ಅಲ್ಲಿಗೆ ಹೋಗುವುದು. ಮೂರನೆಯದು ಪ್ರೋಗ್ರಾಂನ ಹೆಸರು. ಪ್ರಿಂಟ್ ಬೇಕಾದವರಿಗೆ ಡಾಸ್‌ಬಾಕ್ಸ್-ಎಕ್ಸ್ ಹೆಚ್ಚು ಅನುಕೂಲ.

ಕೆಲವರು ಹಳೆಯ ತಂತ್ರಾಂಶಕ್ಕಾಗಿ ಹಳೆಯ ವಿಂಡೋಸನ್ನೇ ಇಟ್ಟುಕೊಂಡಿದ್ದಾರೆ. ಅದು ತಪ್ಪಲ್ಲ. ಆದರೆ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಎಕ್ಸ್‌ಪಿ ಮತ್ತು 7 ಇರುವ ಯಂತ್ರಕ್ಕೆ ಇಂಟರ್ನೆಟ್ ಕೊಡಲೇಬಾರದು. ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು.

ಕಾಪಾಡುವ ಕ್ರಮ

1. ತಂತ್ರಾಂಶವನ್ನು ಸ್ಥಾಪಿಸುವ ಮೂಲ ಕಡತ, ಅದರ ಲೈಸೆನ್ಸ್ ಸಂಖ್ಯೆ, ಫಾಂಟ್‌ಗಳು, ಏರ್ಪಾಡಿನ ಫೋಲ್ಡರ್ ಮತ್ತು ಲೆಕ್ಕಗಳನ್ನು ಒಂದೇ ದೊಡ್ಡ ಫೋಲ್ಡರಿನಲ್ಲಿ ಇಡಿರಿ. ಏನು ಎಲ್ಲಿದೆ, ಹೇಗೆ ನಡೆಸಬೇಕು ಎಂದು ಒಂದು ಪುಟ ಬರೆದು ಜೊತೆಗಿಡಿರಿ. ಬರೆದವರೇ ಇಲ್ಲದಾಗ ಮಕ್ಕಳಿಗೆ ಉಪಯೋಗಕ್ಕೆ ಬರುವುದು ಆ ಪುಟವೇ.

2. ಇದರ ಪ್ರತಿಗಳು ಮೂರಿರಲಿ. ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಮನೆಯಿಂದ ಹೊರಗೆ, ಮಗಳ ಮನೆಯಲ್ಲೋ ನಂಬಿಕೆಯ ನೆಂಟರಲ್ಲೋ ಇರಲಿ. ಮನೆಗೆ ಬಡಿದ ಸಿಡಿಲು ಅಲ್ಲಿಗೆ ಮುಟ್ಟುವುದಿಲ್ಲ.

3. ಪ್ರತಿ ಇರುವ ಡಿಸ್ಕನ್ನು ಯಂತ್ರಕ್ಕೆ ಸದಾ ಸಿಕ್ಕಿಸಿ ಇಡಬಾರದು. ಗುಡುಗು ಆರಂಭವಾಗುವ ಮೊದಲೇ ವಿದ್ಯುತ್ತಿನ ತಂತಿಯನ್ನಷ್ಟೇ ಅಲ್ಲ, ದೂರವಾಣಿ ಅಥವಾ ಇಂಟರ್ನೆಟ್ ತಂತಿಯನ್ನೂ ಕಳಚಬೇಕು.

4. ನಮ್ಮ ಮಳೆಗಾಲದ ತೇವಕ್ಕೆ ಸಿ.ಡಿ.ಗೂ ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿರಿ.

5. ಪೆನ್‌ಡ್ರೈವನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ನಂಬಬಾರದು. ವರ್ಷಕ್ಕೊಮ್ಮೆಯಾದರೂ ತೆರೆದು, ಎರಡು ಮೂರು ಕಡತಗಳನ್ನು ಓದಿ ನೋಡಿರಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬೇಡಿರಿ.

6. ಮುಖ್ಯ ಲೆಕ್ಕಗಳನ್ನು ವರ್ಷದ ಕೊನೆಯಲ್ಲಿ ಸಿ.ಎಸ್.ವಿ. ಎಂಬ ಸರಳ ರೂಪದಲ್ಲಿಯೂ ಉಳಿಸಿರಿ. ಅದು ಬರಿಯ ಅಕ್ಷರ ಮತ್ತು ಅಲ್ಪವಿರಾಮಗಳ ಸಾಲು. ಯಾವ ತಂತ್ರಾಂಶ ಹೋದರೂ ಓದಬಹುದು. ಹಾಜರಿ ಮತ್ತು ಬಟವಾಡೆಯನ್ನು ಕಾಗದದ ಮೇಲೂ ಮುದ್ರಿಸಿ ಹೊಲಿಸಿಡಿರಿ.

ಒಂದು ಎಚ್ಚರಿಕೆ: ಹಳೆಯ ತಂತ್ರಾಂಶ ಮಾರಾಟದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದರ ಹಕ್ಕು ಇಲ್ಲವಾಗುವುದಿಲ್ಲ. ನಾವು ಕೊಂಡದ್ದನ್ನು ನಮಗಾಗಿ ಉಳಿಸಿಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ.

ಹಳೆಯ ಕಡತಗಳು ತೆರೆಯುತ್ತಿಲ್ಲವೆಂದು ಅಟ್ಟಕ್ಕೆ ಹಾಕಿರುವ ಸದಸ್ಯರು ಯಾರಾದರೂ ಇದ್ದರೆ, ಅದನ್ನು ಎಸೆಯುವ ಮೊದಲು ಸಂಘದ ಕಚೇರಿಗೆ ತರಬೇಕೆಂದು ಕೋರುತ್ತೇವೆ. ಮೂಲವನ್ನು ಮುಟ್ಟದೆ, ಕಾಪಿಯ ಮೇಲೆ ಪ್ರಯತ್ನಿಸಿ ನೋಡೋಣ. ಆ ಕಡತದಲ್ಲಿ ನಮ್ಮ ಲಾಭನಷ್ಟ ಮಾತ್ರ ಇರುವುದಿಲ್ಲ; ನಮ್ಮಲ್ಲಿ ದುಡಿದವರ ದಿನಗಳೂ ಅದರಲ್ಲಿ ಬರೆದಿರುತ್ತವೆ. ಅವರಿಗೆ ಬೇರೆ ಪುಸ್ತಕವಿಲ್ಲ.

– ಕಾರ್ಯದರ್ಶಿ