ಸೊಟ್ಟ ಪಾದದ ಮಗು: ಬೂಟು ಬಿಚ್ಚುವ ಮೊದಲು ಓದಿ

ಹುಟ್ಟುವಾಗಲೇ ಮಗುವಿನ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿದ್ದರೆ ಅದು ಸೊಟ್ಟ ಪಾದ. ವೈದ್ಯರು ‘ಕ್ಲಬ್ ಫುಟ್’ ಎನ್ನುತ್ತಾರೆ. ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಇದು ಗ್ರಹಣದಿಂದ ಬಂದದ್ದಲ್ಲ, ತಾಯಿಯ ತಪ್ಪೂ ಅಲ್ಲ. ಬಾಣಂತಿಯನ್ನು ಯಾರೂ ದೂರಬಾರದು.

ಚಿಕಿತ್ಸೆ ಹೇಗೆ?
ಅಮೆರಿಕದ ಅಯೋವಾದಲ್ಲಿ ಡಾ. ಇಗ್ನೇಶಿಯೊ ಪೊನ್ಸೆಟಿ ಅವರು ರೂಪಿಸಿದ ವಿಧಾನ ಇಂದು ಎಲ್ಲೆಡೆ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಪಾದವನ್ನು ಮೆಲ್ಲನೆ ತಿದ್ದಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್ ಸಾಕು. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಬಿಗಿಯಾದ ಸ್ನಾಯುರಜ್ಜುವನ್ನು ಸಣ್ಣದಾಗಿ ಕೊಯ್ದು, ಕೊನೆಯ ಪ್ಲಾಸ್ಟರನ್ನು 3 ವಾರ ಇಡುತ್ತಾರೆ.

ಬೂಟು ಯಾಕೆ?
ಪ್ಲಾಸ್ಟರ್ ಬಿಚ್ಚಿದಾಗ ಪಾದ ನೆಟ್ಟಗೆ ಕಾಣುತ್ತದೆ. ಮನೆಯವರು ಮೋಸಹೋಗುವುದು ಇಲ್ಲಿಯೇ. ಬೂಟು ನಿಲ್ಲಿಸಿದರೆ ಪಾದ ಮತ್ತೆ ತಿರುಚಬಹುದು. ಪ್ಲಾಸ್ಟರ್ ಮೊದಲಿನಿಂದ ಹಾಕಬೇಕಾದೀತು. ಆದ್ದರಿಂದ ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಅಂದರೆ ಸ್ನಾನದ ಹೊತ್ತು ಬಿಟ್ಟು ಪೂರ್ತಿ, ಬೂಟು ಇರಬೇಕು. ಅನಂತರ 4–5 ವರ್ಷದವರೆಗೆ ಮಲಗುವಾಗ ಹಾಕಬೇಕು. ಒಂದೇ ಪಾದ ಸೊಟ್ಟಗಿದ್ದರೂ ಎರಡೂ ಕಾಲಿಗೆ ಬೂಟು ಬೇಕು. ನಡುವಿನ ಪಟ್ಟಿಯ ಉದ್ದ ಮಗುವಿನ ಭುಜದ ಅಗಲದಷ್ಟಿರಬೇಕು. ಮಗು ಬೆಳೆದಂತೆ ಅದನ್ನು ಸರಿಹೊಂದಿಸಲು ತಪ್ಪದೆ ಕರೆತನ್ನಿ.

ಮನೆಯಲ್ಲಿ ಗಮನಿಸಿ
1. ಹತ್ತಿಯ ಕಾಲುಚೀಲ ಮೂರು ಜೊತೆ ಇರಲಿ. ನಮ್ಮ ಮಳೆಗಾಲದಲ್ಲಿ ಒದ್ದೆ ಚೀಲ ಹಾಕಬೇಡಿ.
2. ಹಿಮ್ಮಡಿ ಬೂಟಿನ ತಳಕ್ಕೆ ತಾಗಿದೆಯೇ ನೋಡಿ.
3. ಕೆಂಪಾದ ಜಾಗಕ್ಕೆ ತೆಂಗಿನೆಣ್ಣೆ, ಲೋಷನ್ ಹಚ್ಚಬೇಡಿ. ಗುಳ್ಳೆ, ಹುಣ್ಣು ಕಂಡರೆ ಕೂಡಲೇ ತೋರಿಸಿ.
4. ಎರಡೂ ಕಾಲನ್ನು ಒಟ್ಟಿಗೆ ಮಡಚಿ, ನೀಡಿ ಆಟವಾಡಿಸಿ. ಮಗುವಿಗೆ ಬೇಗ ರೂಢಿಯಾಗುತ್ತದೆ.

ಹೊಸ ಬಗೆಯ ಬೂಟು
ಬೂಟಿನೊಳಗೆ ಸಣ್ಣ ಸಂವೇದಕ ಇಟ್ಟು, ಮೈಬಿಸಿಯಿಂದ ಅದನ್ನು ಎಷ್ಟು ಗಂಟೆ ಹಾಕಿದ್ದರೆಂದು ಅಳೆಯುವ ಪ್ರಯೋಗಗಳು ನಡೆದಿವೆ. ಮನೆಯವರು ಹೇಳಿದ್ದಕ್ಕಿಂತ ನಿಜವಾಗಿ ಹಾಕಿದ ಗಂಟೆಗಳು ಕಡಿಮೆ ಎಂದು ಅವುಗಳಲ್ಲಿ ಕಂಡುಬಂದಿದೆ. ನಿಮಗೆ ಆ ಯಂತ್ರ ಬೇಕಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಗಂಟೆ ಬರೆದಿಡಿ, ಬರುವಾಗ ತನ್ನಿ. ಕಡಿಮೆಯಾಗಿದ್ದರೆ ಬೈಯುವುದಿಲ್ಲ; ಎಲ್ಲಿ ತೊಂದರೆಯೆಂದು ಒಟ್ಟಿಗೆ ನೋಡೋಣ.

ಅಜ್ಜಿಯಂದಿರೇ, ಮಗು ಅತ್ತಾಗ ಕನಿಕರದಿಂದ ಬೂಟು ಬಿಚ್ಚುತ್ತೀರಿ. ಎತ್ತಿಕೊಂಡು ಸಮಾಧಾನ ಮಾಡಿ, ಕಾಲು ನೋಯುತ್ತಿದೆಯೇ ಎಂದು ಬಿಚ್ಚಿ ಪರೀಕ್ಷಿಸಿ, ಮತ್ತೆ ಹಾಕಿಬಿಡಿ. ಅದು ನಾಳೆ ಅಂಗಳದಲ್ಲಿ ಓಡಬೇಕಲ್ಲ!

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟ ಪಾದವೂ ಸೇರಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.