ಸಭೆ ಹಾಡಲಿ, ಗಿಟಾರ್ ಜೊತೆಗಿರಲಿ

ಆರಾಧನೆಯಲ್ಲಿ ಗಿಟಾರ್ ನುಡಿಸಬೇಕೆಂಬ ಆಸೆ ನಿಮಗೆ ಹುಟ್ಟಿದೆಯಲ್ಲ, ಬಹಳ ಒಳ್ಳೆಯದು. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹದಿನಾಲ್ಕಕ್ಕೂ ಕಲಿಯಬಹುದು, ನಲವತ್ತಕ್ಕೂ ಕಲಿಯಬಹುದು. ಆದರೆ ಕಲಿಯಲು ಕೂರುವ ಮುಂಚೆ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಕಚೇರಿಯ ಗಿಟಾರನ್ನು ಜನ ಕೂತು ಕೇಳುತ್ತಾರೆ, ಚರ್ಚಿನ ಗಿಟಾರಿನ ಜೊತೆ ಜನ ಹಾಡುತ್ತಾರೆ. ಕೊನೆಯ ಬೆಂಚಿನ ಅಜ್ಜಿ ಬಾಯಿಬಿಟ್ಟು ಹಾಡಿದರೆ ನೀವು ಚೆನ್ನಾಗಿ ನುಡಿಸಿದಿರಿ ಅಂತಲೇ ಲೆಕ್ಕ. ಎಲ್ಲರೂ ಹಾಡು ನಿಲ್ಲಿಸಿ ನಿಮ್ಮ ಬೆರಳನ್ನೇ ನೋಡುತ್ತ ನಿಂತರೆ ಎಲ್ಲೋ ತಪ್ಪಿದೆ. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ಮೊದಲು ವಾದ್ಯದ ವಿಚಾರ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಸಾಲ ಮಾಡಿ ದುಬಾರಿ ಗಿಟಾರ್ ತರುವ ಅಗತ್ಯ ಯಾರಿಗೂ ಇಲ್ಲ. ಹಾಗಂತ ಫೋನಿನಲ್ಲಿ ಬಣ್ಣ ನೋಡಿ, ರಿಯಾಯಿತಿ ನೋಡಿ ತರಿಸಿಕೊಳ್ಳಲೂ ಬೇಡಿ. ನುಡಿಸಲು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಅಂಗಡಿಗೇ ಹೋಗಿ. ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವಿನ ಅಂತರ 2ರಿಂದ 2.5 ಮಿಲಿಮೀಟರ್ ಇದ್ದರೆ ಸಾಕು. ಅದಕ್ಕಿಂತ ತುಂಬ ಎತ್ತರವಿದ್ದರೆ ಒತ್ತಿ ಒತ್ತಿ ಬೆರಳು ನೊಂದು, ಎರಡು ವಾರದಲ್ಲಿ ಗಿಟಾರ್ ಅಟ್ಟಕ್ಕೆ ಹೋಗುತ್ತದೆ. ಇನ್ನೊಂದು ಪರೀಕ್ಷೆ: ತಂತಿಯನ್ನು ಒತ್ತದೆ ಒಮ್ಮೆ ಮೀಟಿ, ಅದನ್ನೇ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಇನ್ನೊಮ್ಮೆ ಮೀಟಿ. ಎರಡನೆಯದು ಮೊದಲನೆಯ ಸ್ವರದ ಮೇಲಿನ ಸ್ಥಾಯಿಯಲ್ಲಿ ಸರಿಯಾಗಿ ಕೂರಬೇಕು. ಕೂರದಿದ್ದರೆ ಆ ವಾದ್ಯ ಎಷ್ಟು ತಿರುಚಿದರೂ ಶ್ರುತಿಗೆ ನಿಲ್ಲುವುದಿಲ್ಲ. ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ನೈಲಾನ್ ತಂತಿ ಬೆರಳಿಗೆ ಮೃದು, ಆದರೆ ಸಭೆ ತುಂಬಿ ಹಾಡುವಾಗ ಅದರ ನಾದ ಮುಳುಗಿಹೋಗುತ್ತದೆ. ಚರ್ಚಿಗೆ ಉಕ್ಕಿನ ತಂತಿಯ ಗಿಟಾರೇ ಸರಿ. ಶುರುವಿನಲ್ಲಿ ‘ಟೆನ್ ಗೇಜ್’ ಎನ್ನುವ ತೆಳು ತಂತಿ ಹಾಕಿಸಿಕೊಳ್ಳಿ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಒರೆಸದ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಮರವೂ ತೇವ ಹೀರಿ ಉಬ್ಬುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಕಲಬುರಗಿ, ರಾಯಚೂರಿನವರಿಗೆ ತೇವದ ತಾಪತ್ರಯ ಕಡಿಮೆ, ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಟ್ಟು ಹೋಗುವ ಅಭ್ಯಾಸವನ್ನು ಇವತ್ತೇ ಬಿಡಿ. ಅಂಟು ಬಿಟ್ಟು ಬ್ರಿಡ್ಜ್ ಎದ್ದು ಬಂದ ಮೇಲೆ ಅತ್ತು ಏನು ಪ್ರಯೋಜನ?

ಇನ್ನು ಶ್ರುತಿ. ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಹೇಳಿದ್ದು ಗಿಟಾರಿಗೂ ಸಲ್ಲುತ್ತದೆ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ. ಫೋನಿನ ಟ್ಯೂನರ್ ಇಟ್ಟುಕೊಂಡು ಪ್ರತಿ ಸಲ ಕೂತಾಗಲೂ ಸರಿಮಾಡಿಕೊಳ್ಳಿ. ‘ನಿನ್ನೆ ಮಾಡಿದ್ದೆ’ ಅನ್ನಬೇಡಿ, ತಂತಿ ರಾತ್ರಿಯಿಡೀ ಸುಮ್ಮನಿರುವುದಿಲ್ಲ. ಟ್ಯೂನರ್ ಎ ಸ್ವರವನ್ನು 440 ಹರ್ಟ್ಸ್ ಎಂದು ಹಿಡಿಯುತ್ತದೆ, ಕೀಬೋರ್ಡಿನ ಜೊತೆ ನುಡಿಸಲು ಅದು ಸರಿ. ಆದರೆ ನಿಮ್ಮ ಸಭೆಯಲ್ಲಿ ಹಳೆಯ ಹಾರ್ಮೋನಿಯಂ ಇದ್ದರೆ ಅದು ಈ ಲೆಕ್ಕಕ್ಕಿಂತ ಒಂದು ಕೂದಲೆಳೆ ಮೇಲೋ ಕೆಳಗೋ ಇರಬಹುದು. ಅದರ ರೀಡನ್ನು ಅಲ್ಲೇ ನಿಂತು ತಿದ್ದಲು ಆಗುವುದಿಲ್ಲ, ನಿಮ್ಮ ಬಿರಡೆ ತಿರುಗಿಸಲು ಅರೆ ನಿಮಿಷ ಸಾಕು. ಆದ್ದರಿಂದ ಬಗ್ಗಬೇಕಾದವರು ನೀವೇ. ಹಾರ್ಮೋನಿಯಂ ಸ್ವರ ಕೇಳಿ ತಂತಿ ಕೂಡಿಸಿ, ‘ಫೋನ್ ಸರಿ ಅನ್ನುತ್ತಿದೆ’ ಎಂದು ಹಟ ಮಾಡಬೇಡಿ.

ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಹಾಡುತ್ತ ಹಾಡುತ್ತ ರಾಗ, ಉಗುಳುತ್ತ ಉಗುಳುತ್ತ ರೋಗ ಎಂದಿದ್ದಾರಲ್ಲ. ಆರು ದಿನ ಮುಟ್ಟದೆ ಶನಿವಾರ ರಾತ್ರಿ ಮೂರು ಗಂಟೆ ಜಗ್ಗಿದರೆ ಅದು ಯುದ್ಧಕಾಲದ ಶಸ್ತ್ರಾಭ್ಯಾಸ. ಭಾನುವಾರಕ್ಕೆ ಕೈಯಲ್ಲಿ ಹಾಡಿರುವುದಿಲ್ಲ, ಬರೀ ನೋವಿರುತ್ತದೆ. ಎಡಗೈ ಉಗುರನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳಿ. ಬೆರಳ ತುದಿ ಮೂರು ನಾಲ್ಕು ವಾರ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಉರಿಯಿತೆಂದು ಬಿಡಬೇಡಿ. ಗುಳ್ಳೆ ಎದ್ದರೆ ಮಾತ್ರ ಒಂದು ದಿನ ವಿಶ್ರಾಂತಿ ಕೊಡಿ. ಕೈಮಣಿಕಟ್ಟು ನೋಯುತ್ತಿದ್ದರೆ ಅದು ಸಹಿಸಿಕೊಳ್ಳುವ ನೋವಲ್ಲ, ಕೂರುವ ಭಂಗಿ ತಪ್ಪಿದೆ ಎಂದು ತಿಳಿದು ತಿದ್ದಿಕೊಳ್ಳಿ.

ಎಷ್ಟು ಕಾರ್ಡ್ ಕಲಿಯಬೇಕು ಎಂದು ಕೇಳುತ್ತೀರಿ. ಮೊದಲಿಗೆ ಮೂರೇ ಮೂರು: ಜಿ, ಸಿ, ಡಿ. ನಗಬೇಡಿ. ಕ್ರಿಸ್ಮಸ್ಸಿಗೆ ನೀವೆಲ್ಲ ಹಾಡುವ ‘ಸೈಲೆಂಟ್ ನೈಟ್’ ಗೀತೆಯನ್ನು ಈ ಮೂರರಲ್ಲೇ ಪೂರ್ತಿ ನುಡಿಸಬಹುದು. ಆ ಗೀತೆ ಮೊದಲು ಕೇಳಿಸಿದ್ದೇ ಗಿಟಾರಿನ ಜೊತೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನ ಸಂತ ನಿಕೋಲಸ್ ಚರ್ಚಿನಲ್ಲಿ, ಸಾಹಿತ್ಯ ಬರೆದ ಪಾದ್ರಿ ಯೋಸೆಫ್ ಮೋರ್ ಗಿಟಾರ್ ಹಿಡಿದರು, ರಾಗ ಹಾಕಿದ ಶಾಲಾಮಾಸ್ತರ ಫ್ರಾಂಜ್ ಗ್ರೂಬರ್ ಜೊತೆಗೂಡಿದರು, ಇಬ್ಬರೂ ಹಾಡಿದರು. ‘ಚರ್ಚಿಗೆ ಗಿಟಾರ್ ಇತ್ತೀಚಿನ ಫ್ಯಾಷನ್’ ಎಂದು ಯಾರಾದರೂ ಮೂಗು ಮುರಿದರೆ ಇದನ್ನು ವಿನಯವಾಗಿ ಹೇಳಿ, ವಾದಕ್ಕೆ ಮಾತ್ರ ಇಳಿಯಬೇಡಿ. ಮೂರು ಕಾರ್ಡ್ ಕೂತ ಮೇಲೆ ಇ ಮೈನರ್, ಎ ಮೈನರ್ ಸೇರಿಸಿಕೊಳ್ಳಿ. ಬೆರಳನ್ನು ಅಡ್ಡಡ್ಡ ಮಲಗಿಸಿ ಹಿಡಿಯುವ ಎಫ್ ಕಾರ್ಡಿನ ಜೊತೆ ಮೊದಲ ತಿಂಗಳೇ ಕುಸ್ತಿ ಮಾಡಬೇಡಿ, ಅದಕ್ಕೂ ಕಾಲ ಬರುತ್ತದೆ.

ಕಷ್ಟವಿರುವುದು ಕಾರ್ಡ್ ಹಿಡಿಯುವುದರಲ್ಲಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲಿ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ನಾಲ್ಕು ಎಣಿಕೆ ಜಿ, ನಾಲ್ಕು ಎಣಿಕೆ ಸಿ ಎಂದು ಬದಲಿಸುತ್ತ ಹೋಗಿ. ಬಲಗೈ ನಿಲ್ಲಲೇಬಾರದು. ಎಡಗೈ ತಡವಾದರೆ ಒಂದು ಸ್ವರ ಕೆಡುತ್ತದೆ ಅಷ್ಟೆ, ಬಲಗೈ ನಿಂತರೆ ಇಡೀ ಸಭೆಯ ಹಾಡು ಮುಗ್ಗರಿಸುತ್ತದೆ. ಇಲ್ಲಿ ನಿಮ್ಮಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ: ಒಂದು ವಿಡಿಯೊ ಅರ್ಧ ನೋಡಿ ಇನ್ನೊಂದಕ್ಕೆ ಹಾರುವುದು. ಹತ್ತು ಹಾಡಿನ ಮೊದಲ ಸಾಲು ಬರುತ್ತದೆ, ಒಂದು ಹಾಡೂ ಕೊನೆ ಮುಟ್ಟುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಒಂದು ಹಾಡು ಪೂರ್ತಿಯಾಗುವವರೆಗೆ ಎರಡನೆಯದನ್ನು ಮುಟ್ಟಬೇಡಿ. ಊರಲ್ಲಿ ಕಲಿಸುವವರಿದ್ದರೆ ತಿಂಗಳಿಗೆ ಎರಡು ಸಲವಾದರೂ ಹೋಗಿ ಕೈ ತೋರಿಸಿಕೊಂಡು ಬನ್ನಿ. ಬೆರಳು ಎಲ್ಲಿ ಸೊಟ್ಟಗಿದೆ ಎಂದು ವಿಡಿಯೊ ನಿಮಗೆ ಹೇಳುವುದಿಲ್ಲ.

ನುಡಿಸುವಾಗ ನೀವೂ ಹಾಡಬೇಕು. ‘ನನ್ನ ಕಂಠ ಚೆನ್ನಾಗಿಲ್ಲ’ ಎನ್ನುವ ನೆಪ ಬೇಡ, ಮೈಕಿನಲ್ಲಿ ಹಾಡಿ ಎಂದು ನಾನು ಹೇಳಲಿಲ್ಲ. ಸಾಹಿತ್ಯ ಬಾಯಲ್ಲಿದ್ದರೆ ಜನ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಎಳೆಯುತ್ತಾರೆ ಎಂಬುದು ಕೈಗೆ ತಾನಾಗಿ ತಿಳಿಯುತ್ತದೆ. ಚರಣ ಮುಗಿದ ಮೇಲೆ ಉಸಿರಾಡಲು ಜಾಗ ಬಿಡಿ. ಶುರುವಿನಲ್ಲಿ ಹಾಡಿನ ಕೊನೆಯ ಸಾಲನ್ನು ಒಮ್ಮೆ ನುಡಿಸಿ, ಯಾವ ಶ್ರುತಿ, ಯಾವ ವೇಗ ಎಂದು ಸಭೆಗೆ ಗೊತ್ತಾಗುತ್ತದೆ.

ಶ್ರುತಿಯೆಂದರೆ ಸ್ಕೇಲಿನ ಮಾತು ಬಂತು. ಆಲ್ಬಮ್ ಗಾಯಕರು ತಮ್ಮ ಕಂಠಕ್ಕೆ ಒಪ್ಪುವಂತೆ ಏರು ಶ್ರುತಿಯಲ್ಲಿ ಹಾಡಿರುತ್ತಾರೆ. ನೀವು ಅದನ್ನೇ ತಂದು ಸಭೆಯ ಮೇಲೆ ಹೇರಿದರೆ ಅನುಪಲ್ಲವಿ ಬರುವಷ್ಟರಲ್ಲಿ ಅರ್ಧ ಜನ ಬಾಯಿ ಮುಚ್ಚುತ್ತಾರೆ. ಹೆಂಗಸರ ಧ್ವನಿಗೆ ಮಧ್ಯದ ಸಿ ಸ್ವರದಿಂದ ಮೇಲಿನ ಡಿವರೆಗೆ, ಗಂಡಸರಿಗೆ ಅದರ ಕೆಳಗಿನ ಸ್ಥಾಯಿ, ಇಷ್ಟರೊಳಗೆ ಹಾಡು ಕೂತರೆ ಎಲ್ಲರಿಗೂ ಹಿತ. ಬಿ ಸ್ಕೇಲಿನ ಹಾಡು ಎಟುಕದಿದ್ದರೆ ಜಿಗೆ ಇಳಿಸಿ, ಅದರಲ್ಲಿ ಅವಮಾನವೇನಿಲ್ಲ.

ಹೀಗೆ ಶ್ರುತಿ ಬದಲಿಸಲು ನಿಮ್ಮ ಸಹಾಯಕ್ಕಿರುವುದು ಕಾಪೋ, ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಅದನ್ನು ಒಂದೊಂದು ಫ್ರೆಟ್ ಮುಂದೆ ಹಾಕಿದಂತೆ ಶ್ರುತಿ ಅರ್ಧರ್ಧ ಸ್ವರ ಏರುತ್ತದೆ. ಹಾರ್ಮೋನಿಯಂ ನುಡಿಸುವ ಹಿರಿಯರು ‘ಕಪ್ಪು ಒಂದು’ ಅಂದರೆ ಒಂದನೆಯ ಫ್ರೆಟ್ಟಿಗೆ ಕಾಪೋ ಹಾಕಿ ಸಿ ಹಿಡಿಯಿರಿ. ‘ಕಪ್ಪು ಎರಡು’ ಅಂದರೆ ಅಲ್ಲೇ ಕಾಪೋ ಇಟ್ಟು ಡಿ ಹಿಡಿಯಿರಿ, ಇಲ್ಲವೇ ಮೂರನೆಯ ಫ್ರೆಟ್ಟಿಗೆ ಹಾಕಿ ಸಿ. ಹಳೆಯ ಇಂಗ್ಲಿಷ್ ಗೀತೆಗಳ ಪುಸ್ತಕದಲ್ಲಿ ಬಿ ಫ್ಲ್ಯಾಟ್ ಕಂಡರೆ ಮೂರರಲ್ಲಿ ಕಾಪೋ, ಕೈಯಲ್ಲಿ ಜಿ. ಎ ಫ್ಲ್ಯಾಟ್ ಕಂಡರೆ ಒಂದರಲ್ಲಿ ಕಾಪೋ, ಕೈಯಲ್ಲಿ ಅದೇ ಜಿ. ಇದನ್ನೊಂದು ಚೀಟಿಯಲ್ಲಿ ಬರೆದು ಗಿಟಾರ್ ಚೀಲದಲ್ಲಿಡಿ. ಇಷ್ಟು ತಿಳಿಯದೆ ‘ನಿಮ್ಮ ಹಾರ್ಮೋನಿಯಂ ಸ್ಕೇಲೇ ಸರಿಯಿಲ್ಲ’ ಅಂದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ.

ನಮ್ಮ ಕನ್ನಡದ ಕೀರ್ತನೆಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಬಾಸೆಲ್ ಮಿಷನ್ನಿನ ಕಿಟ್ಟೆಲರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ತಂದರು. ರಾಗತಾಳದಲ್ಲಿ ಕಟ್ಟಿದ ಹಾಡುಗಳು ನಮ್ಮ ಸಭೆಗಳಲ್ಲಿ ಇಂದಿಗೂ ಇವೆ. ಶಂಕರಾಭರಣದ ಹಾಡಿಗೆ ನಿಮ್ಮ ಮೇಜರ್ ಕಾರ್ಡುಗಳು ಸಲೀಸಾಗಿ ಹೊಂದುತ್ತವೆ, ಮೋಹನಕ್ಕೂ ಕಷ್ಟವಿಲ್ಲ. ಆದರೆ ಮಾಯಾಮಾಳವಗೌಳದ ಹಾಡನ್ನು ಸಿ ಶ್ರುತಿಯಲ್ಲಿ ಹಾಡುತ್ತಿರುವಾಗ ರೂಢಿಬಲದಿಂದ ಜಿ ಮೇಜರ್ ಹಾಕಿದರೆ, ಅದರೊಳಗಿನ ಡಿ ಸ್ವರ ರಾಗದ ಶುದ್ಧ ರಿಷಭಕ್ಕೆ ಡಿಕ್ಕಿ ಹೊಡೆಯುತ್ತದೆ. ಕಲ್ಯಾಣಿಗೆ ಎಫ್ ಮೇಜರ್ ಹಾಕಿದರೂ ಅದೇ ಗತಿ, ಅಲ್ಲಿರುವುದು ಪ್ರತಿ ಮಧ್ಯಮ. ಅನುಮಾನ ಬಂದಾಗ ಸ ಮತ್ತು ಪ ಎರಡನ್ನೇ ನುಡಿಸಿ. ಸಿ ಶ್ರುತಿಗೆ ಐದನೆಯ ತಂತಿಯ ಮೂರನೆಯ ಫ್ರೆಟ್, ನಾಲ್ಕನೆಯ ತಂತಿಯ ಐದನೆಯ ಫ್ರೆಟ್. ಯಾವ ರಾಗವೂ ಇದಕ್ಕೆ ಮುನಿಯುವುದು ಅಪರೂಪ. ತಬಲವೋ ಡೋಲಕ್ಕೋ ಜೊತೆಗಿದ್ದರೆ ಅವರು ಆಗಲೇ ಕೆಹರ್ವಾದ ಎಂಟು ಮಾತ್ರೆಯನ್ನೋ ದಾದ್ರಾದ ಆರನ್ನೋ ತುಂಬಿರುತ್ತಾರೆ. ನೀವೂ ಅದರ ಮೇಲೆ ಸುರಿಯಬೇಡಿ. ಎಂಟರಲ್ಲಿ ಎರಡು ಮೀಟು, ಆರರಲ್ಲಿ ಎರಡು ಮೀಟು ಧಾರಾಳ.

ಆರಾಧನೆಯ ಶಿಸ್ತಿನ ವಿಚಾರವನ್ನು ಬಿಡಿಸಿ ಹೇಳಲೇಬೇಕು. ಯಾವ ಹಾಡು, ಎಷ್ಟು ಚರಣ ಎಂದು ಅಯ್ಯನವರನ್ನೋ ಫಾದರನ್ನೋ ಶುಕ್ರವಾರದೊಳಗೆ ಕೇಳಿಕೊಳ್ಳಿ. ಕ್ವಾಯರ್ ಅಭ್ಯಾಸಕ್ಕೆ ತಪ್ಪಿಸಬೇಡಿ. ಭಾನುವಾರ ಅರ್ಧ ಗಂಟೆ ಮುಂಚೆ ಬಂದು, ಜನ ಬರುವಷ್ಟರಲ್ಲಿ ಶ್ರುತಿ ಮಾಡಿ ಮುಗಿಸಿ. ಪ್ರಾರ್ಥನೆ ನಡೆಯುವಾಗ ತಂತಿ ಕೆರೆಯುತ್ತ ಕೂರಬೇಡಿ. ಕಾರ್ಡ್ ನೋಡಲು ತಂದ ಫೋನ್ ಪ್ರಸಂಗದ ನಡುವೆ ಸಿನಿಮಾ ಹಾಡು ಕೂಗಿದರೆ ಮುಖ ಎಲ್ಲಿಟ್ಟುಕೊಳ್ಳುತ್ತೀರಿ? ಏರ್‌ಪ್ಲೇನ್ ಮೋಡಿಗೆ ಹಾಕಿ, ಇಲ್ಲವೇ ಕಾಗದದಲ್ಲಿ ಬರೆದುಕೊಳ್ಳಿ. ವೈರ್ ಕೀಳುವ ಮುಂಚೆ ವಾಲ್ಯೂಮ್ ಇಳಿಸಿ, ಸ್ಪೀಕರ್ ‘ಢಬ್’ ಎಂದರೆ ತೊಟ್ಟಿಲ ಕೂಸು ಬೆಚ್ಚಿಬೀಳುತ್ತದೆ. ಒಂದು ಜೊತೆ ತಂತಿ, ಎರಡು ಪಿಕ್, ಪಿಕಪ್ ಇದ್ದರೆ ಒಂಬತ್ತು ವೋಲ್ಟಿನ ಬ್ಯಾಟರಿ ಚೀಲದಲ್ಲಿ ಸದಾ ಇರಲಿ.

ಕಥೋಲಿಕ ಬಲಿಪೂಜೆಯಲ್ಲಿ ನುಡಿಸುವವರು ಕಾಲದ ನಿಯಮವನ್ನೂ ತಿಳಿದಿರಬೇಕು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನ ಕೊಟ್ಟು, ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯ ಮೇಲೆ ಬಾಗಿಲು ತೆರೆಯಿತು. ತಪಸ್ಸುಕಾಲದಲ್ಲಿ, ಕೆಲವು ಹಬ್ಬಗಳನ್ನು ಬಿಟ್ಟರೆ, ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು, ಬರಿಯ ವಾದನ ಸಲ್ಲದು. ಬೇರೆ ಸಭೆಗಳಲ್ಲಿ ಅವರವರ ಪದ್ಧತಿ ಇರುತ್ತದೆ, ಕೇಳಿ ನಡೆಯಿರಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

‘ದೇವರು ಮನಸ್ಸು ನೋಡುತ್ತಾನೆ, ತಪ್ಪಿದರೂ ನಡೆಯುತ್ತದೆ’ ಎಂದು ಕೆಲವರು ಅಭ್ಯಾಸಕ್ಕೆ ಚಕ್ಕರ್ ಹೊಡೆಯುತ್ತಾರೆ. ಅವರು ಬೈಬಲಿನ ಮೂವತ್ತಮೂರನೆಯ ಕೀರ್ತನೆ ತೆಗೆದು ಓದಲಿ, ಜಾಣತನದಿಂದ ನುಡಿಸಬೇಕೆಂದೇ ಅಲ್ಲಿ ಕೇಳಿದೆ. ಇನ್ನು ಕೆಲವರು ನಾಲ್ಕು ಹಾಡು ಬಂದ ಕೂಡಲೇ ಪ್ರತಿ ಚರಣದ ನಡುವೆ ತಮ್ಮ ಕೈಚಳಕ ತುರುಕುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅವರಿಗೆ ನೆನಪಿಸಬೇಕಾಗುತ್ತದೆ. ನೀವು ಈ ಎರಡೂ ಗುಂಪಿಗೆ ಸೇರಬೇಡಿ. ಒಂದು ಚರಣಕ್ಕೆ ಗಿಟಾರನ್ನು ಪೂರ್ತಿ ನಿಲ್ಲಿಸಿ ಸಭೆಯ ಕಂಠವನ್ನೇ ಹಾಡಲು ಬಿಡುವುದೂ ಕಲಿಯಬೇಕಾದ ವಿದ್ಯೆಯೇ.

ವರ್ಷ ಕಳೆದು ಕೈ ಪಳಗಿದ ಮೇಲೆ ಇನ್ನೊಂದು ಕೆಲಸವಿದೆ. ಸಂಡೇ ಸ್ಕೂಲಿನಲ್ಲಿ ನಿಮ್ಮ ಗಿಟಾರನ್ನೇ ದಿಟ್ಟಿಸುವ ಹುಡುಗಿಯೋ ಹುಡುಗನೋ ಒಬ್ಬರಿರುತ್ತಾರೆ. ಕರೆದು ಕೂರಿಸಿ ಆ ಮೂರು ಕಾರ್ಡ್ ಹೇಳಿಕೊಡಿ, ಹಳೆಯ ತಂತಿ ಬಿಸಾಡದೆ ಅವರ ಅಭ್ಯಾಸಕ್ಕೆ ಕೊಡಿ. ಆರು ತಿಂಗಳಲ್ಲಿ ಒಂದು ಭಾನುವಾರ ಅವರನ್ನು ನಿಮ್ಮ ಜಾಗದಲ್ಲಿ ನಿಲ್ಲಿಸಿ, ನೀವು ಬೆಂಚಿನಲ್ಲಿ ಕೂತು ಎಲ್ಲರ ಜೊತೆ ಹಾಡಿ. ಅವರು ಒಂದು ಕಡೆ ತಪ್ಪಿದರೆ ತಿರುಗಿ ನೋಡಬೇಡಿ, ಹಾಡನ್ನು ಮುಂದುವರಿಸಿ. ತಿದ್ದುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ.